ನಲವತ್ತು ಮೀಟರಿನ ಅಲೆ

ಊರಿನ ಏಳು ಮಂದಿ ಸತ್ಯಾಗ್ರಹಿಗಳು ಸೆರೆಮನೆಯಲ್ಲಿ ಮಾಫಿ ಬರೆದುಕೊಟ್ಟರೆಂದು ಶಿಗ್ಗಾವಿಯ ಚಾವಡಿ ಗೋಡೆಗೆ ಸರಕಾರ ಕಾಗದ ಅಂಟಿಸಿತ್ತು. ಮೊದಲ ಹೆಸರೇ ಶ್ರೀಪಾದನದು. ಅವನ ಅಕ್ಕ ಕೃಷ್ಣಾಬಾಯಿ, ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ಆ ಮಾತನ್ನು ನಂಬಲಿಲ್ಲ. ಊರು ನಂಬತೊಡಗಿತ್ತು.

೧೯೪೨ರ ನವೆಂಬರಿನಲ್ಲಿ, ಭೂಗತ ರೇಡಿಯೋ ನಡೆಸುವವರಿಂದ ಅವಳಿಗೆ ಗುಪ್ತ ಚೀಟಿಯೊಂದು ಬಂತು: ‘ಇಂದು ಸಂಜೆ ಆರು ಗಂಟೆಗೆ, ಹತ್ತೇ ನಿಮಿಷ ಮಾತ್ರ, ನಲವತ್ತು ಮೀಟರ್ ಅಲೆಯಲ್ಲಿ. ಮಾಫಿ ಬರೆಯದವರ ಹೆಸರು ಓದುತ್ತೇವೆ.’

ಸವಣೂರಿನ ಫಕ್ರುಸಾಬನ ವೀಳ್ಯದೆಲೆ ತೋಟದ ಗುಡಿಸಲಲ್ಲಿ ರೇಡಿಯೋ ಅಡಗಿತ್ತು. ಅದರ ಮುಖದ ಮೇಲೆ ಅಲೆಯ ಉದ್ದ ಹೇಳುವ ಮೀಟರ್ ಅಂಕಿ ಇರಲಿಲ್ಲ. ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಮೆಗಾಸೈಕಲ್ ಅಂಕಿಗಳಷ್ಟೇ. ರೇಡಿಯೋ ಅಲೆ ಓಡುವುದೂ ಬೆಳಕಿನ ವೇಗದಲ್ಲೇ. ಕೃಷ್ಣಾಬಾಯಿ ಪಾಟಿಯ ಮೇಲೆ ಆ ವೇಗ ಬರೆದಳು, ಒಂದು ಲಕ್ಷ ಎಂಬತ್ತಾರು ಸಾವಿರ. ನಲವತ್ತರಿಂದ ಭಾಗಿಸಿ ಮುಳ್ಳನ್ನು ನಾಲ್ಕೂವರೆ ದಾಟಿಸಿ ನಿಲ್ಲಿಸಿದಳು.

ಬರೀ ಸುಂಯ್ ಎಂಬ ಸದ್ದು. ಆರು ಹೊಡೆದು ಮೂರು ನಿಮಿಷವಾಗಿತ್ತು.

“ಇದು ಸ್ವರಾಜ್ಯದ ದನಿ ಏನ್ರಿ, ಖಾರಾ ಕರಿಯೋ ಸಪ್ಪಳ?” ಎಂದ ಅವಳ ಜೊತೆ ಬಂದಿದ್ದ ಉಳವಪ್ಪ, ಊರಿನ ಪತ್ರಿಕೆ ಓದುವ ಮಂಡಳಿಯ ರೈತ.

“ಬಾಯಿ ಮುಚ್ಚೋ, ಲೆಕ್ಕ ನೋಡಾಕತ್ತೇನಿ.”

ಎಲೆಯ ಕಟ್ಟು ಕಟ್ಟುತ್ತಿದ್ದ ಫಕ್ರುಸಾಬ ಪಾಟಿ ಇಣುಕಿದ. “ಬಾಯಾರ, ನಾ ನೂರು ಎಲಿಗೆ ಒಂದು ಕಟ್ಟು ಅಂತೇನಿ, ಹಾನಗಲ್ಲಿನಾಂವ ಎಂಬತ್ತಕ್ಕ ಒಂದು ಕಟ್ಟು ಅಂತಾನ. ಯಾರ ಕಟ್ಟು ಅಂತ ಕೇಳದ ಹಂಚಾಕ ಕುಂತ್ರ ಜಗಳಾನ. ನಿಮ್ಮ ಈ ಲಕ್ಷ ಯಾರ್ದರಿ?”

ಕೃಷ್ಣಾಬಾಯಿಯ ಕೈಯಲ್ಲಿ ಬಳಪ ನಿಂತಿತು.

“ಸಾಹೇಬರದು,” ಎಂದಳು. “ವೇಗ ಮೈಲಿನಾಗ ಹಿಡದೇನಿ, ಅಲಿ ಮೀಟರಿನಾಗ ಅದ.”

ದೊರೆಗಳ ಪುಸ್ತಕ ಬೆಳಕನ್ನೂ ಮೈಲಿಗಲ್ಲಿಗೆ ಕಟ್ಟಿಹಾಕಿತ್ತು. ಅವಳು ಹತ್ತು ವರ್ಷ ಅದನ್ನೇ ಬಾಯಿಪಾಠ ಮಾಡಿಸಿದ್ದಳು. ಥೂ ಎಂದು ಅಂಗೈಯಿಂದಲೇ ಪಾಟಿ ಒರೆಸಿದಳು. ಮೈಲಿ ಬಿಟ್ಟರೆ ಮೂರು ಲಕ್ಷ ಕಿಲೋಮೀಟರ್. ನಲವತ್ತು ಮೀಟರಿನಿಂದ ಭಾಗಿಸಿದರೆ ಏಳು ಸಾವಿರದ ಐನೂರು ಕಿಲೋಸೈಕಲ್, ಅಂದರೆ ಏಳೂವರೆ ಮೆಗಾಸೈಕಲ್.

“ಏಳೂವರಿಗೆ ತಿರುವು, ಉಳವಪ್ಪ. ಮೆಲ್ಲಕ.”

ಸುಂಯ್ ಸದ್ದು ಕಡಿದುಹೋಯಿತು. ಒಳಗಿನಿಂದ ಹೆಂಗಸೊಬ್ಬಳ ದನಿ, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ, ಹೆಸರು ಓದುತ್ತಿತ್ತು. ಬೆಳಗಾವಿ ಮುಗಿದು ಧಾರವಾಡ ಜಿಲ್ಲೆ ಬಂತು. ಶಿಗ್ಗಾವಿ. ಒಂದು, ಎರಡು, ಮೂರು… ಆರನೆಯದು ಶ್ರೀಪಾದ. ಏಳೂ ಮಂದಿ ಬಂದರು. ಒಬ್ಬನೂ ಬರೆದುಕೊಟ್ಟಿರಲಿಲ್ಲ.

ಉಳವಪ್ಪ ಮುಖ ತಿರುಗಿಸಿ ತಲೆಯ ಪಟಗದ ಚುಂಗಿನಿಂದ ಕಣ್ಣೊರೆಸಿಕೊಂಡ. ಕೃಷ್ಣಾಬಾಯಿ ಅಳಲಿಲ್ಲ. ದೊಡ್ಡ ಹಾಳೆ ಬಿಡಿಸಿ ಏಳು ಹೆಸರು ಬರೆದಳು, ಪ್ರತಿ ಅಕ್ಷರ ಗೇಣುದ್ದ.

“ಗೋಂದು ಅದ ಏನು, ಫಕ್ರುಸಾಬ?”

“ಗಂಜಿ ಐತ್ರಿ. ಆದ್ರ ಎಲ್ಲಿ ಹಚ್ಚತೀರಿ?”

“ಚಾವಡಿ ಗ್ವಾಡಿಗೆ. ಅವರ ಕಾಗದದ ಮ್ಯಾಲ.”