ಹಗಲಿನ ಒಲೆ

ಗಂಡಸರು ಜೇನು ಕೀಳಲು ಕಾಡಿಗೆ ಹೋದರೆ, ತಿರುಗಿ ಬರುವವರೆಗೆ ನಮ್ಮ ದ್ವೀಪದ ಹೆಂಗಸರು ವಿಧವೆಯರ ಹಾಗೆ ಇರುತ್ತೇವೆ. ಸಿಂಧೂರವಿಲ್ಲ, ಶಂಖದ ಬಳೆಯಿಲ್ಲ, ತಲೆಗೆ ಎಣ್ಣೆಯಿಲ್ಲ. ಹಗಲಲ್ಲಿ ಒಲೆ ಹಚ್ಚಿದರೆ ಅಲ್ಲಿ ಅವರ ಮೈ ಸುಡುತ್ತದೆ. ಹೊತ್ತು ಮುಳುಗಿದ ಮೇಲೆಯೇ ಅಡುಗೆ.

ಈ ಸಲ ನನ್ನ ಗಂಡ ಮಧ್ಯಾಹ್ನ ಒಬ್ಬರೇ ನದಿಯ ಏರಿಯಿಂದ ಇಳಿದು ಬಂದರು. ಸೊಂಟದವರೆಗೆ ಕೆಸರು. ಕೈಯಲ್ಲಿ ಜೇನಿನ ಡಬ್ಬಿಯಿರಲಿಲ್ಲ.

“ಕಂಬದ ಹಾಗೆ ನಿಂತಿದ್ದೀಯಲ್ಲೇ ಬಾಸಂತಿ! ಮೊದ್ಲು ಸಿಂಧೂರ ಇಟ್ಕೋ, ಆಮೇಲೆ ಅವನ ಮುಖ ನೋಡ್ವಂತೆ,” ಎಂದು ಅತ್ತೆ ಗದರಿದರು.

ಇಟ್ಟುಕೊಂಡೆ. ತಂಗಳನ್ನ ಬಡಿಸಿದೆ. ಹಸಿಮೆಣಸಿನಕಾಯಿ ಇಲ್ಲದೆ ತುತ್ತೆತ್ತದವರು ಅದನ್ನು ತಟ್ಟೆಯಂಚಿಗೆ ಸರಿಸಿ ಉಂಡರು, ಗೋಡೆಯ ಕಡೆ ತಿರುಗಿ ಮಲಗಿದರು.

ಸಂಜೆ, ಅವರ ಜೊತೆ ಹೋಗಿದ್ದ ಪರಾಣ್ ಅಂಗಳಕ್ಕೆ ಬಂದ. ಅವನ ಕೈಯಲ್ಲಿ ನನ್ನ ಗಂಡನ ಅಂಗಿ. ಅದಕ್ಕೆ ಬಲತೋಳಿರಲಿಲ್ಲ. ನನ್ನ ಬೈತಲೆ ನೋಡಿ ಅವನ ಮುಖ ಬಿಳಿಚಿಕೊಂಡಿತು.

“ಅತ್ತಿಗೆ, ಅದನ್ನ ಅಳಿಸಿ. ದೊಡ್ಡಮಾವ ಅಣ್ಣನ್ನ ನನ್ನ ಕಣ್ಣೆದುರೇ ಎಳ್ಕೊಂಡು ಹೋದ.”

ಹುಲಿಯ ಹೆಸರನ್ನು ನಾವು ಬಾಯಲ್ಲಿ ಹೇಳುವುದಿಲ್ಲ.

“ನನ್ನ ಮಗ ಒಳಗೆ ಮಲಗಿದಾನೆ ಕಣೋ. ದೋಣೀಲಿ ಕಳ್ಳು ಜಾಸ್ತಿ ಆಯ್ತಾ?” ಎಂದರು ಅತ್ತೆ.

ಪರಾಣ್ ಬಾಗಿಲಿಂದ ಇಣುಕಿ ಬಹಳ ಹೊತ್ತು ನೋಡಿದ. ಅಂಗಿಯನ್ನು ಜಗಲಿಯ ಮೇಲಿಟ್ಟು, ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಅಂಗಳ ದಾಟಿದ. ಕಾಡಿನಲ್ಲಿ ದೊಡ್ಡಮಾವನ ಎದುರಿಂದ ಸರಿಯುವುದು ಹಾಗೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಸಿಂಧೂರದ ಡಬ್ಬಿಯ ಮೇಲೆ ನನ್ನ ಬೆರಳು ತಡೆಯುತ್ತಿತ್ತು. ಒಳಗಿರುವವರು ಅವರೇ ಆದರೆ, ಇಡದಿರುವುದು ಅವರನ್ನು ಕೊಂದ ಹಾಗೆ. ಅಲ್ಲವಾದರೆ, ಯಾರ ಹೆಸರಿನಲ್ಲಿ ಇಡುತ್ತಿದ್ದೇನೆ? ಗಲ್ಲದ ಮಚ್ಚೆ ಅದೇ, ಕೆಮ್ಮು ಅದೇ. ಮಾತು ಮಾತ್ರ ಇಲ್ಲ.

ಹುಣ್ಣಿಮೆ ಕಳೆದು ಅವರು ಕತ್ತಿ, ಡಬ್ಬಿ ಎತ್ತಿಕೊಂಡು ಒಬ್ಬರೇ ಕಾಡಿಗೆ ಹೊರಟರು. ನಾನು ಬಳೆ ಕಳಚಿ ಸಿಂಧೂರ ಅಳಿಸಿದೆ. ಅಷ್ಟು ಹಗುರಾಗಿ ನಾನೆಂದೂ ಅದನ್ನು ಅಳಿಸಿರಲಿಲ್ಲ.

ನೆತ್ತಿಯ ಮೇಲೆ ಬಿಸಿಲಿರುವಾಗ ಅತ್ತೆ ಒಣಸೌದೆ ತಂದು ಒಲೆಯ ಮುಂದೆ ಕೂತರು.

“ಅತ್ತೆ, ಏನ್ ಮಾಡ್ತಿದೀರಿ!”

“ಬಂದಾಗಿಂದ ಒಂದು ಸಲಾನೂ ಅಮ್ಮ ಅಂದಿಲ್ಲ ಕಣೇ. ನನ್ನ ಮಗ ನಿತಾಯ್ ಆದ್ರೆ ಸುಡುತ್ತೆ. ಬೇರೆ ಏನಾದ್ರೂ ಆಗಿದ್ರೆ ಏನೂ ಆಗಲ್ಲ. ನಂಗೆ ಗೊತ್ತಾಗ್ಬೇಕು.”

“ಅವರೇ ಆಗಿದ್ರೆ?”

ಅತ್ತೆ ಕಾಡಿನ ಕಡೆ ಒಮ್ಮೆ ನೋಡಿದರು. ಆದರೂ ಕಡ್ಡಿ ಗೀರಿದರು. ನಾನು ತಡೆಯಲಿಲ್ಲ.

ಇಳಿಹೊತ್ತಿಗೆ ಅವರು ಬಂದರು. ಡಬ್ಬಿ ತುಂಬ ಜೇನು. ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಜೇನಿಗೆ ಹೊಗೆ ಹಾಕುವವರ ಕೈ ಸುಡುವುದು ಹೊಸದಲ್ಲ. ಆದರೆ ಅತ್ತೆ, “ನಿತಾಯ್, ನನ್ನಪ್ಪಾ!” ಎಂದು ಚೀರಿ ಹೊಸ್ತಿಲಲ್ಲೇ ಕುಸಿದರು.

ಅವರು ಅತ್ತೆಯನ್ನು ದಾಟಿ ಒಳಗೆ ಹೋದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸುಟ್ಟ ಕೈಯನ್ನು ಬೂದಿಯೊಳಗೆ ಇಟ್ಟರು.

“ಇನ್ನೂ ಬಿಸಿ ಇದೆ,” ಎಂದರು.

ಬಂದ ಮೇಲೆ ಆಡಿದ ಮೊದಲ ಮಾತು. ದನಿ ನನ್ನ ಗಂಡನದೇ.

ನಾನು ಸಿಂಧೂರದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಬೋಳು ಬೈತಲೆಯನ್ನೇ ನೋಡುತ್ತ, ಕಾಯುತ್ತಿದ್ದರು.