ಸರದಾರ್ರೇ, ನಿಮ್ಮ ಮಾತು

ಕಮ್ಮಾರ ಓಬೆರ್ ಕುದುರೆಯ ಹಿಂಭಾಗಕ್ಕೆ ಭುಜ ಕೊಟ್ಟು ಇನ್ನೊಮ್ಮೆ ನೂಕಿದ. ಮುದಿ ಮೊರೆಲ್ ಬಾಲ ಬೀಸಿ ಅವನ ಮುಖಕ್ಕೊಂದು ಬಾರಿಸಿತೇ ಹೊರತು ಸೇತುವೆಯ ಮೇಲೆ ಕಾಲಿಡಲಿಲ್ಲ. ಇಳಿಜಾರಿನಲ್ಲಿ ಅದು ಇಲ್ಲಿಯವರೆಗೆ ಬಂದದ್ದೇ ಹೆಚ್ಚು. ಅದಕ್ಕೆ ಕಟ್ಟಿದ್ದ ಗಾಡಿಯಲ್ಲಿ ಸರದಾರ ಅಲಾರ್, ಎದೆಯ ಮೇಲೆ ಕತ್ತಿ ಇಟ್ಟುಕೊಂಡು, ಯಾವ ಅವಸರವೂ ಇಲ್ಲದೆ ಮಲಗಿದ್ದ.

"ಗಾಡಿ ಬಿಚ್ಚಿ. ಹೊತ್ಕೊಂಡೇ ಹೋಗೋಣ," ಎಂದ ಓಬೆರ್.

"ಹೊತ್ಕೊಂಡು ಹೋದ್ರೆ ಇಗರ್ಜಿ ಹಿತ್ತಲಲ್ಲೇ ಗುಂಡಿ," ಎಂದರು ಪಾದ್ರಿ. "ಪದ್ಧತಿ ಗೊತ್ತಲ್ಲ. ಸರದಾರನ್ನ ಅವನ ಕುದುರೇನೇ ಹೊಸ್ತಿಲವರೆಗೂ ಎಳ್ಕೊಂಡು ಬಂದ್ರೆ ಮಾತ್ರ ಅವನಿಗೆ ಒಳಗೆ ಜಾಗ. ಇವತ್ತು ನಾನು ಕಣ್ಮುಚ್ಚಿದ್ರೆ ನಾಳೆ ಕೋಟೆಯವರು ಬಂದು ಹೊರಗೆ ತೆಗೆಸ್ತಾರೆ."

"ಒಳಗೇ ಆಗ್ಬೇಕು," ಎಂದಳು ಅಲಾರನ ಹೆಂಡತಿ ಮಾಹೋ. "ಆ ಕೋಟೆಯವರು ಇವರನ್ನ ಕೋಳಿ ಸರದಾರ ಅಂತ ಆಡಿಕೊಂಡಿದ್ದು ಸಾಕು. ಸತ್ತ ಮೇಲೂ ಬೇಡ."

* * *

ಹೆಗಲಿಗೆ ಕತ್ತಿ ಮುಟ್ಟಿಸಿಕೊಂಡು ಸರದಾರನಾದ ದಿನ ಅಲಾರ್ ಒಂದು ಮಾತು ಕೊಟ್ಟಿದ್ದ: ಕೂಗಿದ ಹೆಣ್ಣಿಗೆ ಬೆನ್ನು ತೋರಿಸುವುದಿಲ್ಲ. ಆಗ ಅವನ ತಲೆಯಲ್ಲಿ ಬೆಂಕಿಯುಗುಳುವ ಘಟಸರ್ಪಗಳೂ ಸೆರೆಯಾದ ರಾಜಕುಮಾರಿಯರೂ ಇದ್ದಿರಬೇಕು. ಊರಿಗೆ ಬಂದ ಮೇಲೆ ಸಿಕ್ಕಿದ್ದು ಬಾವಿಗೆ ಬಿದ್ದ ಕೊಡ, ನರಿಯ ಬಾಯಿಗೆ ಸಿಕ್ಕ ಕೋಳಿ, ಕುಡಿದು ಬಂದು ಕೈ ಎತ್ತುವ ಗಂಡ. "ಸರದಾರ್ರೇ, ನಿಮ್ಮ ಮಾತು" ಎಂದು ಯಾರಾದರೂ ಕೂಗಿದರೆ ಸಾಕು, ಊಟ ಬಿಟ್ಟೆದ್ದು ಮೊರೆಲ್ ಏರುತ್ತಿದ್ದ. ಅವನ ಮಂಡಿನೋವು ಅರಿತಿದ್ದ ಕುದುರೆ, ಕೂಗಿದವಳ ಮುಂದೆ ಎಡಮಗ್ಗುಲು ತಿರುಗಿಸಿ, ಅವನು ಇಳಿಯುವವರೆಗೆ ಅಲ್ಲಾಡದೆ ನಿಲ್ಲುತ್ತಿತ್ತು. ಕೋಳಿ ಸರದಾರ ಎಂದು ಎಲ್ಲರೂ ನಕ್ಕರು. ಆ ಗಂಡಂದಿರು ಮಾತ್ರ ನಗಲಿಲ್ಲ.

ಒಮ್ಮೆ ಗಿರಣಿಯ ಪೆರೋನೆಲಳ ಸೂರು ಹೊದಿಸಿ ಬಂದಾಗ ಅವನ ಮಂಚದ ಮೇಲೆಯೇ ಮಳೆ ಸೋರುತ್ತಿತ್ತು. ಮಾಹೋ ಪಾತ್ರೆಯೊಡ್ಡಿ ಕೂತಿದ್ದಳು.

"ಒಂದು ಸಲ ಕೂಗಬಾರದಿತ್ತಾ?" ಎಂದ ಅಲಾರ್.

"ನಾನ್ಯಾಕೆ ಕೂಗಲಿ? ಕೂಗಿದ್ರೆ ಬರೋದು ಊರವರಿಗೆ. ಹೆಂಡ್ತಿಗೆ ಕೂಗದೇ ಬರಬೇಕು."

ಅಲಾರ್ ಒದ್ದೆ ಗಡ್ಡ ಹಿಂಡಿಕೊಂಡ. "ನೀನು ಕೂಗೋದನ್ನ ಕೇಳಿಯೇ ಸಾಯ್ತೀನಿ ಕಣೇ."

"ಹಾಗಾದ್ರೆ ಬಹಳ ದಿನ ಬದುಕ್ತೀರಿ ಬಿಡಿ."

* * *

"ಅದಕ್ಕೆ ನೂಕಿದ್ರೆಲ್ಲ ಅರ್ಥ ಆಗಲ್ಲ ಕಣಯ್ಯ," ಎಂದಳು ಗಾಡಿಯ ಹಿಂದಿದ್ದ ಪೆರೋನೆಲ್. ತಲೆಯ ಬಟ್ಟೆ ಸರಿಮಾಡಿಕೊಂಡು ಗಂಟಲೆತ್ತಿದಳು. "ಸರದಾರ್ರೇ, ನಿಮ್ಮ ಮಾತು!"

ಮೊರೆಲ್ ಕಿವಿ ನಿಮಿರಿಸಿತು. ಮರುಗಳಿಗೆ ಗಾಡಿ ಸಮೇತ ತಿರುಗಿ ಅವಳ ಕಡೆಗೇ ಹೊರಟಿತು. ಓಬೆರ್ ಪಕ್ಕದ ಕೆಸರಿಗೆ ಬಿದ್ದ. ಪಾದ್ರಿ ಬಂದ ನಗುವನ್ನು ಕೆಮ್ಮಿ ಮುಚ್ಚಿದರು.

"ಹೆಣಾನ ಗಿರಣಿಗೆ ಕರ್ಕೊಂಡು ಹೋಗ್ತೀಯೇನೇ?" ಎಂದ ಓಬೆರ್, ಕಿವಿಯ ಕೆಸರು ತೆಗೆಯುತ್ತ.

"ಕೂಗಿದ ಕಡೆಗೆ ಬರುತ್ತಪ್ಪ ಅದು, ನಾನೇನು ಮಾಡ್ಲಿ? ಇಗರ್ಜಿ ಬಾಗಿಲಲ್ಲಿ ನಿಂತು ಕೂಗ್ಬೇಕು. ತಡಿ, ನಾನೇ ಹೋಗ್ತೀನಿ."

"ನೀನಿರು," ಎಂದಳು ಮಾಹೋ. "ನಿನ್ನ ಗಂಟಲು ಅವರು ಬೇಕಾದಷ್ಟು ಕೇಳಿದಾರೆ."

ಪೆರೋನೆಲ್ ಪಕ್ಕಕ್ಕೆ ಸರಿದಳು.

ಮಾಹೋ ಒಬ್ಬಳೇ ಸೇತುವೆ ದಾಟಿ ಇಗರ್ಜಿಯ ಹೊಸ್ತಿಲಲ್ಲಿ ಹೋಗಿ ನಿಂತಳು. ಓಬೆರ್ ಗಾಡಿಯನ್ನು ಮತ್ತೆ ಸೇತುವೆಯ ಕಡೆಗೆ ತಿರುಗಿಸಿಟ್ಟ.

"ಸರದಾರ್ರೇ," ಎಂದಳು ಮಾಹೋ. ಅದು ಅವಳ ಗದ್ದ ದಾಟಲಿಲ್ಲ. ಕೂಗಿ ಅಭ್ಯಾಸವಿರದ ಗಂಟಲು. ಎರಡೂ ಕೈಯಲ್ಲಿ ಲಂಗ ಬಿಗಿಹಿಡಿದು, ಕತ್ತು ನಿಗುರಿಸಿದಳು.

"ಸರದಾರ್ರೇ, ನಿಮ್ಮ ಮಾತು!"

ಮೊರೆಲ್ ಓಡಿತು. ಸೇತುವೆಯ ಹಲಗೆಗಳು ಗಡಗಡ ಎಂದವು, ಅಲಾರನ ಕತ್ತಿ ಗಾಡಿಯಲ್ಲಿ ಟಣಟಣ ಕುಣಿಯಿತು, ಪಾದ್ರಿ ನಿಲುವಂಗಿ ಮಂಡಿಯ ಮೇಲೆತ್ತಿಕೊಂಡು ಹಿಂದೆಯೇ ಓಡಿದರು. ಹೊಸ್ತಿಲಿಗೆ ಮುಟ್ಟಿದ ಕುದುರೆ ಏದುಸಿರು ಬಿಡುತ್ತ, ಗಾಡಿ ಎಳೆದಾಡಿಕೊಂಡೇ ಎಡಮಗ್ಗುಲನ್ನು ಮಾಹೋಳ ಕಡೆಗೆ ತಿರುಗಿಸಿತು. ಆಮೇಲೆ ತಲೆ ತಗ್ಗಿಸಿ, ಬಾಲವನ್ನೂ ಆಡಿಸದೆ, ಸವಾರ ಇಳಿಯಲೆಂದು ಕಾಯುತ್ತ ನಿಂತಿತು.