ಜಲಜಕ್ಕನ ಕೊಡಪಾನ

ಬನ್ನಂಜೆಯಲ್ಲಿ ನಾವು ಬಸ್ಸು ಹತ್ತುವ ಮೂಲೆಯಲ್ಲಿ ಯಾವಾಗಲೂ ಕಸದ ರಾಶಿ. ‘ಇಲ್ಲಿ ಕಸ ಹಾಕಬೇಡಿ’ ಎಂದು ಬೋರ್ಡು ನೆಟ್ಟರೆ ಜನ ಆ ಬೋರ್ಡಿಗೇ ಕಸದ ಚೀಲ ನೇತುಹಾಕಿದರು. ಕೊನೆಗೆ ನಮ್ಮ ಮಹಿಳಾ ಸಂಘದವರು ಕಸ ತೆಗೆಸಿ, ಅಲ್ಲಿ ನೀರು ಹೊರುವ ಹೆಂಗಸಿನ ಶಿಲ್ಪ ನಿಲ್ಲಿಸಲು ಹೊರಟರು. ಕಲ್ಲು ಬೇಡ, ಮನೆಮನೆಯ ತೂತು ಪಾತ್ರೆ, ಸವೆದ ಸೌಟು ಸಾಕು. ಬೆಸೆಯುವವಳು ಶಿರ್ವದ ಕಲಾವಿದೆ ಎಸ್ತರ್.

ಸಂಘದ ಹಫೀಝಾ ತನ್ನ ಪಕ್ಕದ ಮನೆಯ ಸುಭಾಷಿಣಿಯನ್ನು ಕೇಳಿದಳು: “ನಿಮ್ಮ ಅಟ್ಟದಲ್ಲಿ ತಾಮ್ರದ ಕೊಡಪಾನ ಉಂಟಲ್ವಾ? ಸೊಂಟದ ಮೇಲೆ ಇಡಲಿಕ್ಕೆ ಅದೇ ಬೇಕು.”

“ಅದರಲ್ಲಿ ಅಮ್ಮನ ಹೆಸರು ಕೊರೆದದ್ದುಂಟು. ಅಮ್ಮನದ್ದು ಅಂತ ಉಳಿದದ್ದು ಅದೊಂದೇ. ಆ ಹೆಸರಿನ ಮೇಲೆ ಜನ ಎಲೆಅಡಿಕೆ ಉಗಿಯಬೇಕಾ?”

“ನಾನು ಬಿರಿಯಾನಿ ಮುಚ್ಚಳವನ್ನೇ ಕೊಟ್ಟೆ ಮಾರಾಯ್ತಿ!”

“ಮುಚ್ಚಳ ಅಂಗಡಿಯಲ್ಲಿ ಸಿಗ್ತದೆ. ಅಮ್ಮ ಸಿಗ್ತಾರಾ?”

ಹಫೀಝಾ ಬರಿಗೈಯಲ್ಲಿ ಹಿಂದಿರುಗಿದಳು. ಶಿಲ್ಪ ಕೊಡವಿಲ್ಲದೆಯೇ ನಿಂತಿತು.

ಮರುದಿನ ಬೆಳಿಗ್ಗೆ ಸುಭಾಷಿಣಿ ಗೇಟಿನ ಹತ್ತಿರ ನಿಂತು ಶಿಲ್ಪದ ಕಡೆ ನೋಡುತ್ತಿದ್ದಳು. ಎದುರುಮನೆಯ ಅನಂತೇಶ ಅಭ್ಯಾಸಬಲದಿಂದ ಕಸದ ಚೀಲ ಹಿಡಿದು ಬಂದ. ಎಸೆಯಲು ಕೈ ಎತ್ತಿದವನು ಹಾಗೆಯೇ ನಿಂತ. ಶಿಲ್ಪದ ಎದೆಯ ಮೇಲಿದ್ದದ್ದು ಅವನದೇ ಮನೆಯ ಇಡ್ಲಿಪಾತ್ರೆಯ ಮುಚ್ಚಳ. ಅದರಲ್ಲಿ ‘ಪ್ರಿಯಂವದಾ’ ಎಂಬ ಹೆಸರು. ಚೀಲದೊಂದಿಗೆ ತಿರುಗಿ ನಡೆದ.

“ಎಂತ ಅನಂತೇಶಣ್ಣ, ವಾಪಸ್ಸಾ?”

“ಹೆಂಡತಿ ಹೆಸರಿನ ಎದುರು ಕಸ ಎಸೆದು, ಮತ್ತೆ ಅವಳ ಹತ್ತಿರವೇ ಇಡ್ಲಿ ಕೇಳುವುದು ಹೇಗೆ? ಕಸದ ಗಾಡಿ ಬರಲಿ, ಅದಕ್ಕೇ ಕೊಡ್ತೇನೆ.”

ಸುಭಾಷಿಣಿ ನಕ್ಕಳು. ಒಳಗೆ ಹೋಗಿ ಕೊಡಪಾನ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದಳು.

“ತಳ ತೂತು ಉಂಟು, ಆಗಬಹುದಾ?” ಎಂದು ಎಸ್ತರಳನ್ನು ಕೇಳಿದಳು.

“ಒಳ್ಳೆಯದೇ ಆಯ್ತು ಅಕ್ಕಾ. ಮಳೆನೀರು ನಿಲ್ಲುವುದಿಲ್ಲ, ಸೊಳ್ಳೆ ಆಗುವುದಿಲ್ಲ.”

“ಹಾಗಾದರೆ ಹೆಸರು ರಸ್ತೆಯ ಕಡೆಗೆ ಬರಲಿ.”

ಬದುಕಿದ್ದಾಗ ಆ ತಾಯಿಯನ್ನು ಊರು ‘ಸುಭಾಷಿಣಿಯ ಅಮ್ಮ’ ಎಂದಷ್ಟೇ ಕರೆಯುತ್ತಿತ್ತು. ಈಗ ಕೊಡಪಾನದ ಮೇಲಿನ ಹೆಸರೇ ಆ ಸ್ಟಾಪಿನ ಹೆಸರು. ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಾನೆ: “ಜಲಜಕ್ಕ! ಜಲಜಕ್ಕ ಇಳಿಯುವವರು ಬೇಗ ಬನ್ನಿ!” ಸುಭಾಷಿಣಿ ತಲೆ ಎತ್ತಿ ಇಳಿಯುತ್ತಾಳೆ.

ನಿಮ್ಮ ಬೀದಿಯಲ್ಲೂ ಕಸ ಬೀಳುವ ಒಂದು ಮೂಲೆ ಇರಬಹುದು. ಮೊದಲು ಅದನ್ನು ಗುಡಿಸಿ, ಆಮೇಲೆ ಮನೆಮನೆಗೆ ಹೋಗಿ ಹಳೆಯ ಪಾತ್ರೆ ಕೇಳಿ. ಎಲ್ಲಿಯಾದರೂ ಇಂಥ ಶಿಲ್ಪ ಕಂಡರೆ ಅದಕ್ಕೆ ಬ್ಯಾನರ್ ಕಟ್ಟಬೇಡಿ, ಬುಡದಲ್ಲಿ ಉಗಿಯಬೇಡಿ. ಹತ್ತಿರ ಹೋಗಿ ಹೆಸರು ಓದಿ. ಜೋರಾಗಿಯೇ ಓದಿ.